160 ಎಕರೆ ಬಿಟ್ಟು ವಠಾರಕ್ಕೆ ಯಾಕೆ ಬಂದರು?

ಓದುಗರ ಪ್ರಶ್ನೆ: ಹಿಂದೆ ಅಮೆರಿಕದಲ್ಲಿ ಸರ್ಕಾರವೇ 160 ಎಕರೆ ಜಮೀನು ಪುಕ್ಕಟೆ ಕೊಡುತ್ತಿತ್ತಂತೆ. ಹಾಗಿದ್ದರೂ ಯುರೋಪಿನಿಂದ ಬಂದ ಬಡವರು ನ್ಯೂಯಾರ್ಕಿನ ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಯಾಕೆ ಬದುಕಿದರು? ಪಶ್ಚಿಮಕ್ಕೆ ಹೋಗಿ ಬೇಸಾಯ ಮಾಡಬಹುದಿತ್ತು ಅಲ್ವಾ?

ಇದು ಹೊಸ ಪ್ರಶ್ನೆಯಲ್ಲ. ಆ ಕಾಲದ ಅಮೆರಿಕದವರೇ ಇದನ್ನು ಕೇಳುತ್ತಿದ್ದರು, ಅದೂ ಸ್ವಲ್ಪ ಸಿಡುಕಿನಿಂದ. ಇಷ್ಟು ದೊಡ್ಡ ದೇಶ, ಇಷ್ಟು ಜಾಗ, ಈ ಜನ ಮಾತ್ರ ನಮ್ಮ ಊರಲ್ಲೇ ಬಂದು ಯಾಕೆ ಸೇರಿಕೊಳ್ಳುತ್ತಾರೆ ಅಂತ. ಪುಕ್ಕಟೆ ಅನ್ನುವ ಮಾತಿನಿಂದಲೇ ಶುರು ಮಾಡೋಣ, ಯಾಕೆಂದರೆ ಎಡವಟ್ಟು ಇರುವುದೇ ಅಲ್ಲಿ.

ಜಮೀನು ಕೊಟ್ಟದ್ದು ನಿಜ. 1862ರಲ್ಲಿ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ ಅದು. 160 ಎಕರೆಗೆ ಅರ್ಜಿ ಹಾಕಬೇಕು, ಎಲ್ಲ ಸೇರಿ 18 ಡಾಲರ್ ಶುಲ್ಕ, ಐದು ವರ್ಷ ಅದೇ ನೆಲದಲ್ಲಿ ಮನೆ ಕಟ್ಟಿಕೊಂಡು ಉಳುಮೆ ಮಾಡಬೇಕು, ಆಮೇಲೆ ಹಕ್ಕುಪತ್ರ. ಆಗಷ್ಟೇ ಹಡಗಿನಿಂದ ಇಳಿದವರೂ, ಮುಂದೆ ಈ ದೇಶದ ಪ್ರಜೆಯಾಗುತ್ತೇನೆ ಅಂತ ಬರೆದುಕೊಟ್ಟರೆ, ಅರ್ಜಿ ಹಾಕಬಹುದಿತ್ತು. (ಆ ನೆಲ ಖಾಲಿ ಬಿದ್ದಿರಲಿಲ್ಲ. ಅಲ್ಲಿನ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿ ಖಾಲಿ ಮಾಡಿಸಿದ್ದು. ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.)

ನಮ್ಮ ದರಖಾಸ್ತು ಜಮೀನಿನ ಕಥೆ ಗೊತ್ತಿರುವವರಿಗೆ ಮುಂದಿನದು ಬೇಗ ಅರ್ಥವಾಗುತ್ತದೆ. ಕಾಗದದ ಮೇಲೆ ಜಮೀನು ಸಿಗುವುದು ಬೇರೆ, ಅದರಲ್ಲಿ ಅನ್ನ ಹುಟ್ಟುವುದು ಬೇರೆ. ಎತ್ತು ಬೇಕು, ನೇಗಿಲು ಬೇಕು, ಬಿತ್ತನೆ ಬೀಜ ಬೇಕು, ಬಾವಿ ತೋಡಬೇಕು, ಮೊದಲ ಬೆಳೆ ಕೈಗೆ ಬರುವವರೆಗೆ ತಿನ್ನಲು ದಿನಸಿ ಬೇಕು, ಅಷ್ಟು ದೂರಕ್ಕೆ ಇಡೀ ಸಂಸಾರದ ರೈಲು ಚಾರ್ಜು ಬೇರೆ. ಎಲ್ಲ ಸೇರಿದರೆ ನೂರಾರು ಡಾಲರ್. ಆಗ ಕೂಲಿಯವನ ದಿನದ ಸಂಬಳ ಸುಮಾರು ಒಂದೂವರೆ ಡಾಲರ್. ವಲಸೆ ಬಂದವರನ್ನು ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ಐಲೆಂಡಿನಲ್ಲಿ 1909ರಲ್ಲಿ ಒಬ್ಬ ಕಮಿಷನರ್ ಒಂದು ನಿಯಮ ತಂದರು: ಇಳಿಯುವವರ ಕೈಯಲ್ಲಿ ರೈಲು ಟಿಕೆಟ್ ಬಿಟ್ಟು 25 ಡಾಲರ್ ಇರಬೇಕು. ಅದಕ್ಕೇ ಗಲಾಟೆಯಾಯಿತು, ಯಾಕೆಂದರೆ ಬಹಳ ಜನರ ಹತ್ತಿರ ಅಷ್ಟೂ ಇರುತ್ತಿರಲಿಲ್ಲ. 25 ಡಾಲರ್ ಇಲ್ಲದವನು ಪಶ್ಚಿಮದ ಡಕೋಟಾ ಬಯಲಿನಲ್ಲಿ ಜೋಡಿ ಎತ್ತು ಎಲ್ಲಿಂದ ತರಬೇಕು?

ದುಡ್ಡಿದ್ದು ಹೋದವರಿಗೂ ಸುಲಭವಿರಲಿಲ್ಲ. ಮರವೇ ಇಲ್ಲದ ಬಯಲು, ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆ ಕತ್ತರಿಸಿ ಗೋಡೆ ಕಟ್ಟಿಕೊಂಡರು. 1874ರಲ್ಲಿ ಮಿಡತೆ ಬಂದು ಬೆಳೆಯನ್ನೆಲ್ಲ ತಿಂದು ಹೋಯಿತು. ಕಾಯ್ದೆಯ ಕಾಲದುದ್ದಕ್ಕೂ ಬಂದ ಅರ್ಜಿ ಸುಮಾರು 40 ಲಕ್ಷ, ಕೊನೆಗೆ ಹಕ್ಕುಪತ್ರ ಪಡೆದವರು ಸುಮಾರು 16 ಲಕ್ಷ. ಅಂದರೆ ಅರ್ಧಕ್ಕಿಂತ ಜಾಸ್ತಿ ಅರ್ಜಿ ಹಕ್ಕುಪತ್ರದವರೆಗೆ ಹೋಗಲೇ ಇಲ್ಲ.

ಕಾಲವೂ ಹೊಂದಲಿಲ್ಲ. ಮೊದಲು ಬಂದ ಜರ್ಮನ್ನರು, ನಾರ್ವೆ, ಸ್ವೀಡನ್ ಕಡೆಯವರು ಮಿನೆಸೋಟಾ, ನೆಬ್ರಾಸ್ಕಾ, ಡಕೋಟಾ ಕಡೆ ಹೋಗಿ ಬೇಸಾಯಕ್ಕೆ ನಿಂತರು. ಅವರಲ್ಲಿ ಎಷ್ಟೋ ಜನ ಊರಿನ ಆಸ್ತಿ ಮಾರಿ ಗಂಟು ಕಟ್ಟಿಕೊಂಡು ಬಂದಿದ್ದರು. ಆದರೆ ಪ್ರಶ್ನೆಯಲ್ಲಿರುವ ಜನ, ಅಂದರೆ ಇಟಲಿ, ರಷ್ಯಾ, ಪೋಲೆಂಡ್ ಕಡೆಯವರು, ದೊಡ್ಡ ಸಂಖ್ಯೆಯಲ್ಲಿ ಬರಲು ಶುರುವಾದದ್ದೇ 1880ರ ನಂತರ. 1880ರಿಂದ 1920ರ ನಡುವೆ ಅಮೆರಿಕಕ್ಕೆ ಬಂದವರು ಎರಡು ಕೋಟಿಗೂ ಜಾಸ್ತಿ. ಅಷ್ಟರಲ್ಲಿ ಒಳ್ಳೆಯ ನೆಲ ಯಾರದೋ ಕೈ ಸೇರಿತ್ತು. ಉಳಿದದ್ದರಲ್ಲಿ ಬಹಳಷ್ಟು ಮಳೆ ಕೈಕೊಡುವ ಒಣ ಬಯಲು.

ಇಷ್ಟು ಲೆಕ್ಕಾಚಾರ ದುಡ್ಡಿನದು. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು: ಈ ಜನಕ್ಕೆ ಆ ಜಮೀನು ಬೇಕಾಗಿತ್ತಾ?

ದಕ್ಷಿಣ ಇಟಲಿಯಿಂದ ಬಂದ ಗಂಡಸರನ್ನೇ ನೋಡಿ. ಇವರು ರೈತರೇ, ಆದರೆ ಬಹುಪಾಲು ಇನ್ನೊಬ್ಬರ ಹೊಲದಲ್ಲಿ ದುಡಿದವರು. ನಾಲ್ಕು ವರ್ಷ ಅಮೆರಿಕದಲ್ಲಿ ಕಾಸು ಕೂಡಿಸಿ ಊರಿಗೆ ಮರಳಬೇಕು, ತಮ್ಮೂರಲ್ಲೇ ತುಂಡು ಜಮೀನು ಕೊಳ್ಳಬೇಕು, ತಂಗಿಯ ಮದುವೆ ಮಾಡಬೇಕು. ಅಂಥವನಿಗೆ ಐದು ವರ್ಷ ಇಲ್ಲೇ ನೆಲ ಕಚ್ಚಿಕೊಂಡಿರು ಅಂದರೆ ಏನು ಪ್ರಯೋಜನ? ಬಂದ ಇಟಲಿಯವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ವಾಪಸ್ ಹೋದರು ಕೂಡ. ಅವರಿಗೆ ಬೇಕಿದ್ದದ್ದು ವಾರ ವಾರ ಕೈಗೆ ಬರುವ ಕೂಲಿ, ಅದು ಸಿಗುತ್ತಿದ್ದದ್ದು ನಗರದಲ್ಲಿ. ಸುರಂಗ ಅಗೆಯುವುದು, ಚರಂಡಿ ತೋಡುವುದು, ರಸ್ತೆಗೆ ಕಲ್ಲು ಹಾಸುವುದು.

ಊರಿನ ಸ್ವಭಾವವೂ ಒಂದಿದೆ. ದಕ್ಷಿಣ ಇಟಲಿಯ ಸಿಸಿಲಿ ದ್ವೀಪದ ರೈತ ನಮ್ಮ ಬಯಲುಸೀಮೆಯ ರೈತನ ಹಾಗೇ, ಮನೆ ಊರೊಳಗೆ, ಹೊಲ ಊರಾಚೆ. ಸಂಜೆ ವಾಪಸ್ ಬಂದರೆ ಮಾತಿಗೆ ನಾಲ್ಕು ಜನ ಸಿಗುತ್ತಾರೆ. ಹೋಮ್‌ಸ್ಟೆಡ್ ಜಮೀನಿನಲ್ಲಿ ಅವರವರ 160 ಎಕರೆಯಲ್ಲಿ ಅವರವರೇ ಮನೆ ಮಾಡಿಕೊಂಡಿರಬೇಕು. ಪಕ್ಕದ ಮನೆಯ ದೀಪ ಕಾಣಿಸಿದರೆ ಪುಣ್ಯ. ಅದೇ ಜನ ನ್ಯೂಯಾರ್ಕಿಗೆ ಬಂದಾಗ ಏನು ಮಾಡಿದರು ಗೊತ್ತಾ? ಸಿಸಿಲಿಯವರು ಎಲಿಜಬೆತ್ ಸ್ಟ್ರೀಟಿನಲ್ಲಿ, ನೇಪಲ್ಸ್ ಕಡೆಯವರು ಮಲ್ಬೆರಿ ಸ್ಟ್ರೀಟಿನಲ್ಲಿ, ಹೀಗೆ ಬೀದಿ ಬೀದಿಯಾಗಿ ತಮ್ಮ ಸೀಮೆಯನ್ನೇ ಮತ್ತೆ ಕಟ್ಟಿಕೊಂಡರು.

ರಷ್ಯಾ, ಪೋಲೆಂಡ್ ಕಡೆಯಿಂದ ಬಂದ ಯಹೂದಿಗಳ ಕಥೆ ಬೇರೆ. ಅವರಿಗೆ ವಾಪಸ್ ಹೋಗುವ ದಾರಿ ಇರಲಿಲ್ಲ. 1881ರಲ್ಲಿ ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರನ ಕೊಲೆಯಾದ ಮೇಲೆ ಅಲ್ಲಿ ಯಹೂದಿಗಳ ಮನೆ ಮಠ ಸುಡುವುದು ಶುರುವಾಯಿತು. 1882ರ ಕಾನೂನು ಅವರು ಹಳ್ಳಿಗಳಲ್ಲಿ ಹೊಸದಾಗಿ ನೆಲೆಸದಂತೆ, ಜಮೀನು ಕೊಳ್ಳದಂತೆ ತಡೆಯಿತು. ಹೀಗಾಗಿ ಬಂದವರಲ್ಲಿ ಟೈಲರುಗಳು, ಬಡಗಿಗಳು, ಸಣ್ಣ ವ್ಯಾಪಾರದವರೇ ಜಾಸ್ತಿ. ನೇಗಿಲು ಹಿಡಿಯಲು ಬಿಡದೆ ಇಟ್ಟವರನ್ನು ನೇಗಿಲು ಯಾಕೆ ಹಿಡಿಯಲಿಲ್ಲ ಅಂತ ಕೇಳಿದ ಹಾಗಾಯಿತು.

ಪ್ರಯತ್ನ ಮಾಡದವರಿಲ್ಲ. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಸಿಸಿಲಿ ಐಲೆಂಡ್ ಅನ್ನುವ ಕಡೆ 1881ರಲ್ಲಿ ಒಂದು ಯಹೂದಿ ಬೇಸಾಯದ ಕಾಲನಿ ಕಟ್ಟಿದರು. ಮರು ವರ್ಷವೇ ಮಿಸಿಸಿಪ್ಪಿ ನದಿ ಉಕ್ಕಿ ಬಂದು ಎಲ್ಲ ಕೊಚ್ಚಿಕೊಂಡು ಹೋಯಿತು. ಆಮೇಲೆ ನ್ಯೂಯಾರ್ಕಿನ ಅನುಕೂಲಸ್ಥ ಯಹೂದಿಗಳೇ 1901ರಲ್ಲಿ ಒಂದು ಕಚೇರಿ ತೆರೆದು, ಹೊಸದಾಗಿ ಬಂದವರಿಗೆ ಬೇರೆ ಊರುಗಳಲ್ಲಿ ಕೆಲಸ ಹುಡುಕಿ ಸಾಗಹಾಕಲು ನೋಡಿದರು. 1907ರಿಂದ ಹಡಗುಗಳನ್ನೇ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಂದರಿಗೆ ತಿರುಗಿಸುವ ಯೋಜನೆ ಬಂತು, ಬ್ಯಾಂಕರ್ ಜೇಕಬ್ ಶಿಫ್ ಅದರ ಹಿಂದಿದ್ದವರು. 1914ರ ಹೊತ್ತಿಗೆ ಆ ದಾರಿಯಲ್ಲಿ ಬಂದವರು ಸುಮಾರು 10 ಸಾವಿರ. ಎಲ್ಲಿಸ್ ಐಲೆಂಡಿನಲ್ಲಿ 1907ರ ಏಪ್ರಿಲ್ 17ರಂದು ಒಂದೇ ದಿನಕ್ಕೆ 11 ಸಾವಿರಕ್ಕೂ ಹೆಚ್ಚು ಜನ ಇಳಿದಿದ್ದರು. ಏಳು ವರ್ಷದ ಯೋಜನೆಗಿಂತ ಆ ಒಂದು ದಿನವೇ ದೊಡ್ಡದು!

ಎಲ್ಲಿಸ್ ಐಲೆಂಡಿನ ದಾಖಲೆಯಲ್ಲೇ ಅರ್ಧ ಉತ್ತರ ಇತ್ತು ಅನ್ನಿ. ಹಡಗಿನ ಪಟ್ಟಿಯಲ್ಲಿ ಒಂದು ಅಂಕಣ ಇರುತ್ತಿತ್ತು: ಯಾರ ಹತ್ತಿರ ಹೋಗುತ್ತೀರಿ, ವಿಳಾಸ ಏನು. ಅಣ್ಣ, ಭಾವ, ಚಿಕ್ಕಪ್ಪ, ಗಂಡ. ಎಷ್ಟೋ ಜನರ ಟಿಕೆಟ್ಟಿನ ದುಡ್ಡು ಕಳಿಸಿದವರೇ ಅವರು. ಇಲ್ಲಿ ಒಂದು ತಮಾಷೆ ಇದೆ. ಕೆಲಸ ಗೊತ್ತಾಗಿದೆಯಾ ಅಂತ ಅಧಿಕಾರಿ ಕೇಳುತ್ತಿದ್ದ. ಹೌದು ಅಂದರೆ ಕೆಟ್ಟಿರಿ, ಯಾಕೆಂದರೆ ಮೊದಲೇ ಕೂಲಿ ಗೊತ್ತು ಮಾಡಿಕೊಂಡು ಬರುವುದನ್ನು 1885ರ ಕಾನೂನು ನಿಷೇಧಿಸಿತ್ತು. ಆದರೆ ದುಡಿಯಲಾಗದವರಂತೆ ಕಂಡರೂ ವಾಪಸ್. ಕೆಲಸ ಇಲ್ಲ, ಆದರೆ ಸಿಗುತ್ತೆ, ಭಾವನ ಮನೆ ಇದೆ, ಹೀಗೆ ಹೇಳಬೇಕು. ಎಲ್ಲರೂ ನ್ಯೂಯಾರ್ಕಿನಲ್ಲೇ ಉಳಿದರು ಅಂತಲೂ ಅಲ್ಲ. ಬಹುಪಾಲು ಜನ ಅಲ್ಲಿಂದಲೇ ರೈಲು ಹಿಡಿದರು. ಆದರೆ ಆ ರೈಲುಗಳೂ ಬಹುತೇಕ ಇಳಿಸಿದ್ದು ಹೊಲದಲ್ಲಲ್ಲ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ, ಷಿಕಾಗೋದ ಕಸಾಯಿಖಾನೆ, ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆ.

ಪಿಟ್ಸ್‌ಬರ್ಗಿನ ಪಕ್ಕ ನದಿ ದಡದಲ್ಲಿ ಒಂದು ಊರಿದೆ. ಅದರ ಹೆಸರೂ ಹೋಮ್‌ಸ್ಟೆಡ್! ಆದರೆ ಅಲ್ಲಿದ್ದದ್ದು ಉಕ್ಕಿನ ಉದ್ಯಮಿ ಕಾರ್ನೆಗಿಯ ಕುಲುಮೆಗಳು. ದಿನಕ್ಕೆ 12 ಗಂಟೆ ಕೆಲಸ, ಪಾಳಿ ಬದಲಾಗುವ ದಿನ ಒಟ್ಟಿಗೆ 24 ಗಂಟೆ. ಸ್ಲೋವಾಕ್ ಹೆಂಗಸರು ತಮ್ಮ ಸಣ್ಣ ಮನೆಯಲ್ಲೇ ಊರಿನ ಗಂಡಸರನ್ನು ಊಟ ವಸತಿಗೆ ಇಟ್ಟುಕೊಳ್ಳುತ್ತಿದ್ದರು. ಹಗಲು ಪಾಳಿಯವನು ಎದ್ದು ಹೋದ ಹಾಸಿಗೆಗೆ ರಾತ್ರಿ ಪಾಳಿಯವನು ಬಂದು ಬೀಳುತ್ತಿದ್ದ. ಹಾಸಿಗೆ ತಣ್ಣಗಾಗಲು ಬಿಡುವೇ ಇಲ್ಲ.

ಈಗ ನ್ಯೂಯಾರ್ಕಿನ ಆ ಕೋಣೆಗೆ ಬರೋಣ. ಟೆನಮೆಂಟ್ ಅಂದರೆ ನಮ್ಮ ಹಳೇ ಬೆಂಗಳೂರು, ಮೈಸೂರಿನ ವಠಾರ ಇದ್ದ ಹಾಗೆ, ಆದರೆ ಐದು ಮಹಡಿ ಎತ್ತರ. ವಲಸೆ ಬಂದವರು ತುಂಬಿದ್ದ ಲೋಯರ್ ಈಸ್ಟ್ ಸೈಡ್ ಬಡಾವಣೆಯ 97 ಆರ್ಚರ್ಡ್ ಸ್ಟ್ರೀಟಿನಲ್ಲಿ 1863ರಲ್ಲಿ ಕಟ್ಟಿದ ಅಂಥದ್ದೊಂದು ಕಟ್ಟಡ ಈಗ ಮ್ಯೂಸಿಯಂ ಆಗಿದೆ. ಒಂದು ಮನೆ ಅಂದರೆ ಮೂರು ಕೋಣೆ, ಒಟ್ಟು 325 ಚದರಡಿ. ಮೂವತ್ತು ನಲವತ್ತರ ಸೈಟಿನ ಕಾಲು ಭಾಗಕ್ಕಿಂತ ಒಂಚೂರು ಜಾಸ್ತಿ. ಮೂರರಲ್ಲಿ ಹೊರಗಿನ ಗಾಳಿ ನೇರ ಬರುತ್ತಿದ್ದದ್ದು ಒಂದಕ್ಕೇ. ಕಕ್ಕಸು ಹಿತ್ತಲಿನಲ್ಲಿ, ಎಲ್ಲರಿಗೂ ಸೇರಿ.

1890ರ ದಶಕದಲ್ಲಿ ಅಲ್ಲಿ ಲೆವೀನ್ ಅನ್ನುವ ಪೋಲೆಂಡ್ ಕಡೆಯ ಯಹೂದಿ ಸಂಸಾರ ಇತ್ತು. ಮನೆಯೇ ಅವರ ಗಾರ್ಮೆಂಟ್ಸ್. ಯಜಮಾನ ಹೊರಗಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಾನೆ, ಜೊತೆಗೆ ಮೂವರು ಕೆಲಸದವರು, ಒಬ್ಬರು ಟಾಕು ಹಾಕಿದರೆ ಇನ್ನೊಬ್ಬರು ಅಂಚು ಮುಗಿಸಬೇಕು. ನಡುವಿನ ಕೋಣೆ ಅಡುಗೆಮನೆ. ಹೆಂಡತಿ ಸಾರು ಕುದಿಸುವ ಒಲೆಯ ಮೇಲೇ ಇಸ್ತ್ರಿಯವನು ತನ್ನ ಕಬ್ಬಿಣವನ್ನೂ ಕಾಯಿಸಿಕೊಳ್ಳಬೇಕು, ಅಂದರೆ ಎಷ್ಟೇ ಸೆಖೆಯಿದ್ದರೂ ಒಲೆ ಆರಿಸುವಂತಿಲ್ಲ. ಮಗು ಅಲ್ಲೇ ಕಾಲಡಿಯಲ್ಲಿ. ರಾತ್ರಿ ಬಟ್ಟೆ ಬದಿಗೆ ಸರಿಸಿ ಮಲಗಬೇಕು. ಪೀಸ್ ರೇಟ್ ಕೆಲಸ, ಸೀಸನ್ ಬಂದರೆ ಉಸಿರಾಡಲೂ ಪುರುಸೊತ್ತಿಲ್ಲ, ಸೀಸನ್ ಮುಗಿದರೆ ಸುಮ್ನೆ ಕೂರಬೇಕು.

ಇದು ಬದುಕಾ ಅಂತ ಕೇಳಬಹುದು. ಕಷ್ಟದ ಬದುಕೇ. ಆದರೆ ಅದೇ ಒಲೆಯ ಸುತ್ತ ಇಂಗ್ಲಿಷಿನ ಒಂದು ಪದ ಬರದಿದ್ದರೂ ಕೆಲಸ ನಡೆಯುತ್ತಿತ್ತು, ಮಾತೆಲ್ಲ ಆ ಯಹೂದಿಗಳ ಮನೆಮಾತಾದ ಯಿಡ್ಡಿಷ್. ಹಡಗಿಳಿದ ವಾರಕ್ಕೇ ಕೂಲಿ ಸಿಗುತ್ತಿತ್ತು. ಕೆಳಗೆ ಬೀದಿಯಲ್ಲಿ ತಳ್ಳುಗಾಡಿ, ಅವರ ಊಟದ ಮೀನು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಊರಿನವರ ಸಂಘ ಕಷ್ಟಕ್ಕೆ ಸಾಲ ಕೊಡುತ್ತಿತ್ತು, ಸತ್ತರೆ ಮಣ್ಣಿಗೂ ಜಾಗ ಕೊಡುತ್ತಿತ್ತು. ಯಿಡ್ಡಿಷಿನ ಫೋರ್ವರ್ಟ್ಸ್ ಪತ್ರಿಕೆಯಲ್ಲಿ 1906ರಿಂದ ಓದುಗರ ಕಾಗದಗಳಿಗೆ ಉತ್ತರ ಕೊಡುವ ಅಂಕಣವೇ ಇತ್ತು, ಮಾಲೀಕನ ಕಾಟದಿಂದ ಹಿಡಿದು ಗಂಡ ಓಡಿಹೋದದ್ದರವರೆಗೆ ಎಲ್ಲ ಅಲ್ಲಿಗೆ ಬರುತ್ತಿತ್ತು. (ನನ್ನ ಕೆಲಸ ಎಷ್ಟೋ ವಾಸಿ.)

ನಗರ ಅವರನ್ನು ಚೆನ್ನಾಗಿ ನೋಡಿಕೊಂಡಿತು ಅಂತ ನಾನು ಹೇಳುತ್ತಿಲ್ಲ. 1911ರ ಮಾರ್ಚ್ 25ರಂದು ಟ್ರಯಾಂಗಲ್ ಕಂಪನಿಯ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕಾರ್ಖಾನೆ ಇದ್ದದ್ದು 8, 9, 10ನೇ ಮಹಡಿಗಳಲ್ಲಿ, ಅಗ್ನಿಶಾಮಕದವರ ಏಣಿ ಮುಟ್ಟಿದ್ದು 6ನೇ ಮಹಡಿಯವರೆಗೆ. ಸತ್ತವರು 146 ಜನ, ಬಹುತೇಕ ಯಹೂದಿ ಮತ್ತು ಇಟಲಿಯ ಹುಡುಗಿಯರು. ಅದಕ್ಕೆ ಸುಮಾರು ಒಂದೂವರೆ ವರ್ಷ ಮೊದಲು, 1909ರ ನವೆಂಬರಿನಲ್ಲಿ, ಕ್ಲಾರಾ ಲೆಮ್‌ಲಿಕ್ ಎಂಬ ಹುಡುಗಿ ಕೂಪರ್ ಯೂನಿಯನ್ ಸಭಾಂಗಣದಲ್ಲಿ ದೊಡ್ಡವರ ಭಾಷಣ ಕೇಳಿ ಕೇಳಿ ಬೇಸತ್ತು ಎದ್ದು ನಿಂತು, ಯಿಡ್ಡಿಷಿನಲ್ಲೇ ಮಾತಾಡಿ ಮುಷ್ಕರಕ್ಕೆ ಕರೆ ಕೊಟ್ಟಿದ್ದಳು. ಸುಮಾರು 20 ಸಾವಿರ ಬಟ್ಟೆ ಕೆಲಸದವರು ಹೊರಗೆ ಬಂದರು. ಇಷ್ಟು ಜನ ಒಂದೇ ಕಡೆ, ಒಂದೇ ಮಾತಿನವರು ಇದ್ದದ್ದರಿಂದ ಅದು ಆಯಿತು. ಅರ್ಧ ಅರ್ಧ ಮೈಲಿಗೊಂದು ಒಂಟಿ ಮನೆ ಇದ್ದ ಕಡೆ ಒಂದೇ ರಾತ್ರಿಯಲ್ಲಿ ಹಾಗೆ ಆಗುವುದು ಕಷ್ಟ.

ಒಂದು ಕಥೆ ಹೇಳಲೇಬೇಕು. ಎಲ್ಲಿಸ್ ಐಲೆಂಡ್ 1892ರ ಜನವರಿ 1ರಂದು ತೆರೆದಾಗ ಮೊದಲು ಒಳಗೆ ಬಂದದ್ದು ಆ್ಯನಿ ಮೂರ್, ಐರ್ಲೆಂಡಿನ ಕಾರ್ಕ್‌ನಿಂದ ಬಂದ 17 ವರ್ಷದ ಹುಡುಗಿ, ಜೊತೆಗೆ ಇಬ್ಬರು ತಮ್ಮಂದಿರು. ಅವಳಿಗೆ 10 ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಆಮೇಲೆ ಅವಳು ಪಶ್ಚಿಮಕ್ಕೆ ಹೋಗಿ ಟೆಕ್ಸಾಸಿನಲ್ಲಿ ನೆಲೆಸಿದಳು, ಅಲ್ಲಿ ಟ್ರಾಮ್ ಬಡಿದು ಸತ್ತಳು ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದರು. ಎಲ್ಲರಿಗೂ ಇಷ್ಟವಾಗುವ ಕಥೆ ಅಲ್ವಾ, ಬಡ ಹುಡುಗಿ, ದೊಡ್ಡ ಬಯಲು. 2006ರಲ್ಲಿ ವಂಶಾವಳಿ ಹುಡುಕುವ ಮೇಗನ್ ಸ್ಮೊಲೆನ್ಯಾಕ್ ದಾಖಲೆ ಜಾಲಾಡಿದಾಗ ಟೆಕ್ಸಾಸಿನ ಆ್ಯನಿ ಬೇರೆಯೇ ಹೆಂಗಸು, ಇಲಿನಾಯ್‌ನಲ್ಲಿ ಹುಟ್ಟಿದವಳು ಅಂತ ಗೊತ್ತಾಯಿತು. ನಿಜವಾದ ಆ್ಯನಿ ಲೋಯರ್ ಈಸ್ಟ್ ಸೈಡ್ ಬಿಟ್ಟು ಹೋಗಲೇ ಇಲ್ಲ. ಮೀನು ಮಾರುಕಟ್ಟೆಯಲ್ಲಿ ಕೆಲಸ ಮಾಡುವವನನ್ನು ಮದುವೆಯಾದಳು, ಸಾಲು ಸಾಲು ಮಕ್ಕಳು, ಅವರಲ್ಲಿ ಎಷ್ಟೋ ಮಕ್ಕಳು ಚಿಕ್ಕಂದಿನಲ್ಲೇ ಹೋದವು. 1924ರಲ್ಲಿ ತೀರಿಕೊಂಡಳು. ಅವಳ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2008ರಲ್ಲಿ.

ಇನ್ನು ಜನ ಕೊನೆಯವರೆಗೂ ಆ ವಠಾರಗಳಲ್ಲೇ ಇದ್ದರಾ? ಇಲ್ಲ. 1903ರಲ್ಲಿ ವಿಲಿಯಮ್ಸ್‌ಬರ್ಗ್ ಸೇತುವೆ ಬಂತು, 1904ರಲ್ಲಿ ನೆಲದಡಿಯ ರೈಲು ಬಂತು. ಕೈಯಲ್ಲಿ ನಾಲ್ಕು ಕಾಸು ಕೂಡಿದವರು ಗಂಟುಮೂಟೆ ಕಟ್ಟಿಕೊಂಡು ಹೊರಟೇ ಬಿಟ್ಟರು, ಕಿಟಕಿ ಜಾಸ್ತಿ ಇರುವ ಮನೆ ಹುಡುಕಿಕೊಂಡು. ಡಕೋಟಾಕ್ಕಲ್ಲ, ನದಿಯಾಚೆಯ ಬ್ರೂಕ್ಲಿನ್‌ಗೆ.