ಕಲ್ಚರ್ ರಿಪೋರ್ಟ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಹೆಸರೇ ಇಲ್ಲ, ಯಾಕೆ?

ಪ್ರಶ್ನೆ: ಅಮ್ಮನಿಗೆ ಉರಿಮೂತ್ರ. ಯೂರಿನ್ ಕಲ್ಚರ್‌ಗೆ ಕೊಟ್ಟ ಮೂರನೇ ದಿನ ರಿಪೋರ್ಟ್ ಬಂತು. ಎಂಟರೋಕಾಕಸ್ ಫೀಕಾಲಿಸ್ ಅಂತ ಬರೆದಿದ್ದಾರೆ. ಹೋದ ಸಲ ಬೇರೆ ಬ್ಯಾಕ್ಟೀರಿಯಾ ಇದ್ದಾಗ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ನಲ್ಲೇ ವಾಸಿಯಾಗಿತ್ತು. ಈ ಸಲ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಲ್ಯಾಬಿನವರು ಪರೀಕ್ಷೆ ಮಾಡೋದು ಮರೆತರಾ?

ಮರೆತಿಲ್ಲ, ಬೇಕಂತಲೇ ಬಿಟ್ಟಿದ್ದಾರೆ. ಹಾಗೆ ಬಿಟ್ಟಿದ್ದೇ ಸರಿ.

ಎಂಟರೋಕಾಕಸ್ ನಮ್ಮ ಕರುಳಿನಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾ. ಅಲ್ಲಿದ್ದರೆ ತೊಂದರೆ ಇಲ್ಲ. ಮೂತ್ರಕೋಶಕ್ಕೋ, ರಕ್ತಕ್ಕೋ, ಹೃದಯದ ಕವಾಟಕ್ಕೋ ಸೇರಿಕೊಂಡರೆ ಕಷ್ಟ. ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್ ಥರದ ಔಷಧಿ ಇದಕ್ಕೆ ಮೊದಲಿನಿಂದಲೂ ನಾಟುವುದಿಲ್ಲ. ತನ್ನ ಸುತ್ತ ಗೋಡೆ ಕಟ್ಟಿಕೊಳ್ಳಲು ಇದು ಬಳಸುವ ಪ್ರೋಟೀನಿಗೆ ಆ ಔಷಧಿ ಸರಿಯಾಗಿ ಅಂಟುವುದೇ ಇಲ್ಲ. ಕೋ-ಟ್ರೈಮೊಕ್ಸಜೋಲ್ ಅನ್ನೋ ಇನ್ನೊಂದು ಔಷಧಿಯ ಕಥೆ ಇನ್ನೂ ಮೋಸದ್ದು. ಬ್ಯಾಕ್ಟೀರಿಯಾ ಫೋಲೇಟ್ ಎಂಬ ವಿಟಮಿನ್ ತಯಾರಿಸಿಕೊಳ್ಳದಂತೆ ಅದು ತಡೆಯುತ್ತದೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಅದು ಕೆಲಸ ಮಾಡಿದ ಹಾಗೆ ಕಾಣುತ್ತದೆ. ದೇಹದೊಳಗೆ ಈ ಬ್ಯಾಕ್ಟೀರಿಯಾ ನಮ್ಮದೇ ಫೋಲೇಟನ್ನು ಎತ್ತಿಕೊಂಡು ಬದುಕಿಬಿಡುತ್ತದೆ. ಸುಮ್ನೆ 'ಸೆನ್ಸಿಟಿವ್' (ಔಷಧಿಗೆ ಬಗ್ಗುತ್ತದೆ) ಅಂತ ಬರೆದರೆ ರೋಗಿಗೆ ಅನ್ಯಾಯ ಮಾಡಿದಂತೆ, ಅಲ್ವಾ?

ಅದಕ್ಕೇ ಮೊದಲು ಬ್ಯಾಕ್ಟೀರಿಯಾದ ಹೆಸರು ಗಟ್ಟಿ ಮಾಡಿಕೊಳ್ಳಬೇಕು. ಮೈಕ್ರೋಸ್ಕೋಪಿನಲ್ಲಿ ನೇರಳೆ ಬಣ್ಣದ ದುಂಡು ಕಾಳುಗಳು ಜೋಡಿ ಜೋಡಿಯಾಗಿ, ಚಿಕ್ಕ ಸರಗಳಾಗಿ ಕಾಣುತ್ತವೆ. ಸ್ಲೈಡಿನ ಮೇಲೆ ಒಂದಿಷ್ಟು ಕಾಲೊನಿ (ಬೆಳೆದ ಬ್ಯಾಕ್ಟೀರಿಯಾದ ಗುಂಪು) ಇಟ್ಟು, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಹಾಕುತ್ತೇವೆ. ಸ್ಟೆಫೈಲೋಕಾಕಸ್ ಎಂಬ ಇನ್ನೊಂದು ದುಂಡು ಬ್ಯಾಕ್ಟೀರಿಯಾ ಆದರೆ ಬುರಬುರ ನೊರೆ ಬರುತ್ತದೆ. ಇದಕ್ಕೆ ನೊರೆ ಇಲ್ಲ. ಆಮೇಲೆ ಬೈಲ್ ಎಸ್ಕುಲಿನ್ ಟ್ಯೂಬ್. ಅದರಲ್ಲಿ ಪಿತ್ತರಸ ಇರುತ್ತದೆ. ಸಂಜೆ ತಿಳಿ ಬಣ್ಣದಲ್ಲಿ ಇಟ್ಟು ಹೋದ ಟ್ಯೂಬು ಬೆಳಿಗ್ಗೆ ಕಾಡಿಗೆಯಷ್ಟು ಕಪ್ಪಾಗಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇಷ್ಟವಾಗುವ ನೋಟ ಅದು. 6.5% ಉಪ್ಪಿರುವ ದ್ರವದಲ್ಲೂ ಇದು ಬೆಳೆಯುತ್ತದೆ. ಪಿವೈಆರ್ ಎಂಬ ಗುರುತು ಪರೀಕ್ಷೆಯ ಬಿಲ್ಲೆಗೆ ತಿಕ್ಕಿದರೆ ಕೆಲವೇ ನಿಮಿಷದಲ್ಲಿ ಕೆಂಪು ಬರುತ್ತದೆ.

ಇಷ್ಟಕ್ಕೆ ನಿಲ್ಲಿಸಿದರೆ ಸಾಲದು. ಎಂಟರೋಕಾಕಸ್‌ನಲ್ಲೇ ಇದು ಯಾವ ಜಾತಿ, ಫೀಕಾಲಿಸ್ಸಾ, ಫೀಸಿಯಮ್ಮಾ ಅಂತ ತಿಳಿಯಬೇಕು. ಅರಾಬಿನೋಸ್ ಸಕ್ಕರೆಯನ್ನು ಫೀಸಿಯಮ್ ಹುಳಿ ಬರಿಸುತ್ತದೆ, ಫೀಕಾಲಿಸ್ ಬರಿಸುವುದಿಲ್ಲ. ದೊಡ್ಡ ಲ್ಯಾಬುಗಳಲ್ಲಿ ಬ್ಯಾಕ್ಟೀರಿಯಾ ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಇದನ್ನು ನಿಮಿಷಗಳಲ್ಲಿ ಹೇಳುತ್ತದೆ. ನಿಮ್ಮ ಅಮ್ಮನದು ಫೀಕಾಲಿಸ್. ಅದು ಸಾಮಾನ್ಯವಾಗಿ ಆಂಪಿಸಿಲಿನ್‌ಗೆ ಬಗ್ಗುತ್ತದೆ. ಆಸ್ಪತ್ರೆಗಳಲ್ಲಿ ಸಿಗುವ ಫೀಸಿಯಮ್ ಹೆಚ್ಚಾಗಿ ಬಗ್ಗುವುದಿಲ್ಲ.

ಇನ್ನು ಸೆನ್ಸಿಟಿವಿಟಿ, ಅಂದರೆ ಯಾವ ಔಷಧಿಗೆ ಬಗ್ಗುತ್ತದೆ ಅನ್ನೋ ಪರೀಕ್ಷೆ. ಮ್ಯುಲರ್ ಹಿಂಟನ್ ಅಗರ್ ಎಂಬ ಆಹಾರ ಹಾಕಿದ ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಬಳಿದು, ಔಷಧಿಯ ಬಿಲ್ಲೆಗಳನ್ನಿಟ್ಟು, ಸುತ್ತ ಎಷ್ಟು ಮಿಲಿಮೀಟರ್ ಜಾಗ ಖಾಲಿ ಉಳಿಯಿತು ಅಂತ ಅಳೆಯುತ್ತೇವೆ. ಬೇರೆ ಔಷಧಿಗಳಿಗೆ 16ರಿಂದ 18 ಗಂಟೆ ಸಾಕು. ವ್ಯಾಂಕೊಮೈಸಿನ್ ಎಂಬ ಔಷಧಿಗೆ ಪೂರ್ತಿ 24 ಗಂಟೆ ಕಾಯಲೇಬೇಕು. ಕೆಲವು ಎಂಟರೋಕಾಕಸ್‌ಗಳಲ್ಲಿ ಪ್ರತಿರೋಧ ನಿಧಾನವಾಗಿ ಮೇಲೆ ಬರುತ್ತದೆ. ಪ್ಲೇಟನ್ನು ಬೆಳಕಿಗೆ ಅಡ್ಡ ಹಿಡಿದು ನೋಡಬೇಕು. ಖಾಲಿ ವೃತ್ತದೊಳಗೆ ಮಂಜಿನಂತೆ ತೆಳುವಾದ ಬೆಳವಣಿಗೆ ಕಂಡರೂ ಅದು ಪ್ರತಿರೋಧವೇ. ವ್ಯಾಂಕೊಮೈಸಿನ್‌ನ 30 ಮೈಕ್ರೋಗ್ರಾಂ ಬಿಲ್ಲೆಗೆ 17 ಮಿಲಿಮೀಟರ್ ಅಥವಾ ಜಾಸ್ತಿ ಬಂದರೆ ಸೆನ್ಸಿಟಿವ್, 14 ಅಥವಾ ಕಡಿಮೆ ಬಂದರೆ ರೆಸಿಸ್ಟೆಂಟ್ (ಬಗ್ಗುವುದಿಲ್ಲ). ನಡುವೆ ಬಂದರೆ, ಬೆಳವಣಿಗೆ ನಿಲ್ಲಿಸಲು ಕನಿಷ್ಠ ಎಷ್ಟು ಔಷಧಿ ಬೇಕು ಅಂತ ಅಳೆಯುವ ಎಂಐಸಿ ಪರೀಕ್ಷೆ ಮಾಡಲೇಬೇಕು. ನಿಮ್ಮ ರಿಪೋರ್ಟಿಗೆ ಮೂರು ದಿನ ಹಿಡಿದದ್ದು ಇದಕ್ಕೇ: ಒಂದು ದಿನ ಬೆಳೆಯಲು, ಒಂದು ದಿನ ಬಿಲ್ಲೆಗೆ, ಉಳಿದದ್ದು ಖಾತ್ರಿಗೆ.

ಈ ಕಾಯುವಿಕೆಯಲ್ಲಿ ಆತುರ ಯಾಕೆ ಕೂಡದು ಅಂದರೆ, ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೋಕಾಕಸ್ 1988ರಲ್ಲೇ ಇಂಗ್ಲೆಂಡ್ ಮತ್ತು ಫ್ರಾನ್ಸ್‌ನಿಂದ ವರದಿಯಾಯಿತು. ವ್ಯಾನ್‌ಎ ಥರದ ಜೀನ್ ಇದ್ದರೆ ಬ್ಯಾಕ್ಟೀರಿಯಾ ತನ್ನ ಗೋಡೆಯ ಒಂದು ತುಣುಕನ್ನೇ ಬದಲಿಸಿಕೊಳ್ಳುತ್ತದೆ. ಔಷಧಿಗೆ ಹಿಡಿತ ಸಿಗುವುದಿಲ್ಲ. ಆಗ ಲಿನೆಝೋಲಿಡ್‌ನಂಥ ಔಷಧಿಗಳ ಕೆಲವೇ ದಾರಿ ಉಳಿಯುತ್ತವೆ.

ನೀವೀಗ ಹೋದ ಸಲದ ಚೀಟಿ ಹಿಡಿದು ಅದೇ ಇಂಜೆಕ್ಷನ್ ಹಾಕಿಸಬೇಡಿ. ರಿಪೋರ್ಟ್‌ನಲ್ಲಿ ಆಂಪಿಸಿಲಿನ್, ನೈಟ್ರೊಫ್ಯುರಾಂಟಾಯಿನ್ ಸಾಲುಗಳ ಮುಂದೆ ಏನಿದೆ ನೋಡಿ. ಡಾಕ್ಟರ ಹತ್ತಿರ ಹೋದಾಗ ಅಮ್ಮನಿಗೆ ಪೆನ್ಸಿಲಿನ್ ಅಲರ್ಜಿ ಇದೆಯೇ, ಕಿಡ್ನಿ ಹೇಗಿದೆ ಅನ್ನೋದನ್ನು ಮೊದಲೇ ಹೇಳಿ. ಕಿಡ್ನಿ ಸೋತಿದ್ದರೆ ನೈಟ್ರೊಫ್ಯುರಾಂಟಾಯಿನ್ ಮೂತ್ರಕ್ಕೆ ಬೇಕಾದಷ್ಟು ತಲುಪುವುದಿಲ್ಲ.