ಲಾಕ್-ಇನ್ 3 ವರ್ಷ, ಹಾಗಾದರೆ ಲೀಸ್ ಎಷ್ಟು ವರ್ಷ?

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನನ್ನ ಮೇಜಿನ ಮೇಲೆ ಲೀಸ್ ಡೀಡ್‌ಗಳ ರಾಶಿ ಬೀಳುತ್ತದೆ. ಜೊತೆಗೆ ಒಂದು ಮಾತೂ ತಪ್ಪದೆ ಬರುತ್ತದೆ: "ಮೇಡಂ, ನಮ್ಮ ಲಾಕ್-ಇನ್ ಬರೀ 3 ವರ್ಷ. ಅಷ್ಟಕ್ಕೆ ಮಾತ್ರ ಲೆಕ್ಕ ಹಾಕಿದ್ದೀವಿ." ಲಾಕ್-ಇನ್ ಅಂದರೆ ಬಾಡಿಗೆಗೆ ಹಿಡಿದವರು ಜಾಗ ಬಿಡುವ ಹಾಗಿಲ್ಲದ ಅವಧಿ. ಆಡಿಟ್ ಮಾಡುವವಳಾಗಿ ಇದನ್ನು ತಿದ್ದಿ ತಿದ್ದಿ ಸಾಕಾಗಿದೆ. ಅದಕ್ಕೇ ಒಮ್ಮೆ ಬಿಡಿಸಿ ಬರೆಯುತ್ತಿದ್ದೇನೆ.

ಲೀಸ್ ಅಂದ ಕೂಡಲೇ ನಮ್ಮಲ್ಲಿ ಭೋಗ್ಯದ ಮನೆ ನೆನಪಾಗುತ್ತದೆ. ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇರುವುದು. ನಾನು ಹೇಳುತ್ತಿರುವುದು ಅದಲ್ಲ. ಕಂಪನಿಗಳು ಬಾಡಿಗೆಗೆ ಹಿಡಿಯುವ ಆಫೀಸು, ಗೋಡೌನು, ಶೋರೂಮುಗಳ ಮಾತು.

ಇವುಗಳ ಲೆಕ್ಕ 2019ರ ಏಪ್ರಿಲ್ 1ರಿಂದ ಬದಲಾಯಿತು. ಲೀಸಿನ ಲೆಕ್ಕ ಹೇಗಿರಬೇಕು ಅಂತ ಹೇಳುವ ಭಾರತೀಯ ಲೆಕ್ಕ ಮಾನದಂಡ ಇಂಡ್ ಎಎಸ್ 17 ಹೋಗಿ ಇಂಡ್ ಎಎಸ್ 116 ಬಂತು. ಮುಂಚೆ ಆಫೀಸ್ ಬಾಡಿಗೆ ಅಂದರೆ ಸುಮ್ನೆ ತಿಂಗಳ ಖರ್ಚು. ಈಗ ಮುಂದೆ ಕಟ್ಟಬೇಕಾದ ಬಾಡಿಗೆಯನ್ನು ಇವತ್ತಿನ ಬೆಲೆಗೆ ಇಳಿಸಿ, ಬ್ಯಾಲೆನ್ಸ್ ಶೀಟಿನಲ್ಲಿ ಸಾಲದ ಹಾಗೆ, ಅಂದರೆ ಲೀಸ್ ಹೊಣೆಯಾಗಿ, ತೋರಿಸಬೇಕು. ಎದುರಿಗೆ, ಆ ಜಾಗ ಬಳಸುವ ಹಕ್ಕು ಆಸ್ತಿಯಾಗಿ ನಿಲ್ಲುತ್ತದೆ. ಇದು ಮುಖ್ಯವಾಗಿ ಲಿಸ್ಟ್ ಆದ ಕಂಪನಿಗಳಿಗೆ, 250 ಕೋಟಿ ಅಥವಾ ಜಾಸ್ತಿ ನೆಟ್‌ವರ್ತ್ ಇರುವವರಿಗೆ, ಅವರ ಗುಂಪಿನ ಕಂಪನಿಗಳಿಗೆ. ಎಎಸ್ 19 ಎಂಬ ಹಳೆಯ ಮಾನದಂಡ ಅನುಸರಿಸುವ ಸಣ್ಣ ಕಂಪನಿಗಳು ಹಳೆಯ ದಾರಿಯಲ್ಲೇ ಇವೆ.

ಸರಿ, "ಮುಂದೆ ಕಟ್ಟಬೇಕಾದ ಬಾಡಿಗೆ" ಅಂದರೆ ಎಷ್ಟು ವರ್ಷದ್ದು? ಎಲ್ಲರೂ ಎಡವುವುದು ಇಲ್ಲೇ.

ಬೆಂಗಳೂರಿನಲ್ಲಿ ನಾನು ಜಾಸ್ತಿ ನೋಡುವ ಡೀಡ್ ಹೀಗಿರುತ್ತದೆ. ಒಟ್ಟು 9 ವರ್ಷ. 3 ವರ್ಷಕ್ಕೊಮ್ಮೆ ಬಾಡಿಗೆ ಶೇ. 15 ಏರಿಕೆ. ಮೊದಲ 3 ವರ್ಷ ಲಾಕ್-ಇನ್. ಆಮೇಲೆ ಕಂಪನಿ ನೋಟಿಸ್ ಕೊಟ್ಟು ಬಿಡಬಹುದು. ಓನರ್ ಮಾತ್ರ ಎಬ್ಬಿಸುವ ಹಾಗಿಲ್ಲ. ತಿಂಗಳಿಗೆ 10 ಲಕ್ಷ ಬಾಡಿಗೆ, ಶೇ. 9 ಬಡ್ಡಿ ದರ ಅಂತಿಟ್ಟುಕೊಳ್ಳಿ. 3 ವರ್ಷಕ್ಕೆ ಲೆಕ್ಕ ಹಾಕಿದರೆ ಹೊಣೆ ಸುಮಾರು 3.14 ಕೋಟಿ. 9 ವರ್ಷಕ್ಕೆ ಹಾಕಿದರೆ ಸುಮಾರು 8.34 ಕೋಟಿ. ಅದೇ ಕಟ್ಟಡ, ಅದೇ ಕಾಗದ. ಹಾಗಾಗಿ 3 ವರ್ಷ ಅನ್ನುವ ಆಸೆ ನನಗೂ ಅರ್ಥವಾಗುತ್ತದೆ.

ಆದರೆ ಲಾಕ್-ಇನ್ ಹೇಳುವುದು ಒಂದೇ ವಿಷಯ: ಅಲ್ಲಿಯವರೆಗೆ ನೀವು ಬಿಡುವ ಹಾಗಿಲ್ಲ. ಆಮೇಲೆ ಬಿಡುತ್ತೀರಿ ಅಂತ ಅದು ಎಲ್ಲೂ ಹೇಳುವುದಿಲ್ಲ. ಬಿಡುವ ಹಕ್ಕು ನಿಮಗೊಬ್ಬರಿಗೇ ಇದ್ದರೆ ನಿಯಮ ಕೇಳುವ ಪ್ರಶ್ನೆ ಬೇರೆ. ಆ ಹಕ್ಕನ್ನು ನೀವು ಬಳಸುವುದಿಲ್ಲ ಅನ್ನುವುದು ಬಹುಮಟ್ಟಿಗೆ ಖಚಿತವೇ? ಖಚಿತವಾದರೆ ಲಾಕ್-ಇನ್ ನಂತರದ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ. "ನಮಗೆ ಇನ್ನೂ ಗೊತ್ತಿಲ್ಲ ಮೇಡಂ" ಅಂದರೆ ಉತ್ತರ ಆಗುವುದಿಲ್ಲ. ನೀವು ಅಲ್ಲಿ ಸುರಿದ ದುಡ್ಡು, ಜಾಗ ಬದಲಿಸಿದರೆ ಆಗುವ ನಷ್ಟ, ಹಿಂದೆ ಎಷ್ಟು ವರ್ಷ ಒಂದೇ ಕಡೆ ಇದ್ದಿರಿ, ಇವೆಲ್ಲ ಉತ್ತರ ಹೇಳುತ್ತವೆ.

ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಇದೇ ವಾದ ಎರಡು ದಿನ ನಡೆಯಿತು. ಮೂರನೇ ದಿನ ನಾನು ಫೈಲ್ ಮುಚ್ಚಿಟ್ಟು, ಆಫೀಸ್ ತೋರಿಸಿ ಅಂದೆ. ಫೆಸಿಲಿಟಿ ನೋಡಿಕೊಳ್ಳುವ ಹಿರಿಯರೊಬ್ಬರು ಕರೆದುಕೊಂಡು ಹೋದರು. ಯಾವ ವೈರ್ ಯಾವ ಗೋಡೆಯೊಳಗೆ ಹೋಗಿದೆ ಅಂತ ಬೆರಳಿಟ್ಟು ತೋರಿಸುವಂಥ ಮನುಷ್ಯ. ರಿಸೆಪ್ಶನ್‌ನಲ್ಲಿ ಆಳೆತ್ತರದ ಕಲ್ಲಿನ ಗಣಪತಿ. ಅದರ ಭಾರಕ್ಕೆ ನೆಲದಡಿ ಬೇರೆ ಸಪೋರ್ಟ್ ಕೊಟ್ಟಿದ್ದರಂತೆ. ಸರ್ವರ್ ರೂಮು, 200 ಜನ ಕೂತು ಊಟ ಮಾಡುವ ಕ್ಯಾಂಟೀನು, ಎಲ್ಲವನ್ನೂ ಕಂಪನಿಯೇ ಕಟ್ಟಿಸಿತ್ತು. "ಇನ್ನೊಂದೆರಡು ವರ್ಷದಲ್ಲಿ ಇದನ್ನೆಲ್ಲ ಬಿಟ್ಟು ಹೋಗ್ತೀರಾ?" ಅಂತ ಕೇಳಿದೆ. ಅವರಿಗೆ ಗಾಬರಿಯೇ ಆಯಿತು. "ಯಾರು ಹೇಳಿದ್ದು ಮೇಡಂ? ಸಾಹೇಬ್ರು ಏನಾದ್ರೂ ಅಂದ್ರಾ?"

ವಾಪಸ್ ಬಂದು ಸ್ಥಿರಾಸ್ತಿಗಳ ಪಟ್ಟಿ ತೆಗೆದೆ. ಆ ಇಂಟೀರಿಯರ್ ಖರ್ಚಿಗೆ ಸವಕಳಿ ಹಾಕಿದ್ದು 9 ವರ್ಷಕ್ಕೆ. ಆಸ್ತಿ ಪಟ್ಟಿಯಲ್ಲಿ 9 ವರ್ಷ ಇರುತ್ತೀವಿ ಅಂತ, ಲೀಸಿನ ಪುಟದಲ್ಲಿ 3 ವರ್ಷಕ್ಕೆ ಹೋಗುತ್ತೀವಿ ಅಂತ! ಒಂದೇ ಬ್ಯಾಲೆನ್ಸ್ ಶೀಟು, ಎರಡು ಮಾತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ ಅಂತ ಅಂತರರಾಷ್ಟ್ರೀಯ ಲೆಕ್ಕ ಮಾನದಂಡದ ವ್ಯಾಖ್ಯಾನ ಸಮಿತಿ 2019ರ ನವೆಂಬರ್‌ನಲ್ಲೇ ಸ್ಪಷ್ಟ ಮಾಡಿದೆ. ನಮ್ಮ ಇಂಡ್ ಎಎಸ್ 116 ಅದೇ ಮಾನದಂಡದಿಂದ ಬಂದದ್ದು.

11 ತಿಂಗಳ ಕರಾರಿನವರ ವಾದ ಇದರದೇ ತಮ್ಮ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಲ್ವಾ, ಅದಕ್ಕೆ 11 ತಿಂಗಳು ಬರೆಸುತ್ತಾರೆ. 12 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಲೀಸಿಗೆ ಈ ಲೆಕ್ಕದಿಂದ ವಿನಾಯಿತಿ ಇರುವುದು ನಿಜ. ಆದರೆ ನವೀಕರಿಸುವ ಹಕ್ಕು ನಿಮ್ಮ ಕೈಯಲ್ಲಿದ್ದು, ನವೀಕರಿಸುವುದೂ ಖಚಿತವಾಗಿದ್ದರೆ ಅದು 11 ತಿಂಗಳ ಲೀಸ್ ಅಲ್ಲ. ಓನರ್ ನಿಜವಾಗಿಯೂ ಎಬ್ಬಿಸಬಹುದಾದರೆ, ನಿಮಗೂ ಬಿಡುವುದರಿಂದ ಹೇಳಿಕೊಳ್ಳುವಂಥ ನಷ್ಟ ಇಲ್ಲದಿದ್ದರೆ, ಆ ಮಾತು ಬೇರೆ. ಕರಾರು ಓದದೆ ಯಾರಿಗೂ ಖಡಾಖಂಡಿತವಾಗಿ ಹೇಳಲಾರೆ. ಓದಿ ನಿರ್ಧಾರ ಬರೆದಿಡಿ ಅಂತ ಮಾತ್ರ ಹೇಳುತ್ತೇನೆ.

ಕೋ-ವರ್ಕಿಂಗ್ ಜಾಗಗಳ ಬಗ್ಗೆಯೂ ಕೇಳುತ್ತಾರೆ. ನಿಮ್ಮ ಸೀಟುಗಳನ್ನು ಅವರು ತಮ್ಮ ಲಾಭಕ್ಕೆ ಬೇಕಾದಾಗ ನಿಜವಾಗಿಯೂ ಬೇರೆ ಕಡೆ ಹಾಕಬಹುದಾದರೆ ಅದು ಲೀಸೇ ಆಗದಿರಬಹುದು. ಬಾಗಿಲಿಗೆ ನಿಮ್ಮ ಬೋರ್ಡು, ಒಳಗೆ ನಿಮ್ಮದೇ ಇಡೀ ಮಹಡಿ ಅಂದರೆ ಹೆಚ್ಚಾಗಿ ಲೀಸೇ.

ಇನ್ನೊಂದು ಮಾತು, ಬ್ಯಾಂಕ್ ಸಾಲ ಇರುವವರಿಗೆ. ಹೊಣೆ 3 ಕೋಟಿಯಿಂದ 8 ಕೋಟಿಗೆ ಹೋದರೆ ಸಾಲದ ಷರತ್ತಿನ ಅನುಪಾತಗಳು ಏರುಪೇರಾಗಬಹುದು. ಷರತ್ತಿನಲ್ಲಿ ಲೀಸ್ ಹೊಣೆ ಸೇರುತ್ತದೋ ಇಲ್ಲವೋ ನೋಡಿ. ವರ್ಷ ಮುಗಿಯುವ ಮುಂಚೆಯೇ ಬ್ಯಾಂಕಿನವರ ಜೊತೆ ಕೂತು ಮಾತಾಡಿ.

ಅದೇ ರಿಂಗ್ ರೋಡಿನ ಕಂಪನಿ ಇತ್ತೀಚೆಗೆ ಕೆಳಗಿನ ಮಹಡಿಯನ್ನೂ ಹಿಡಿಯಲು ಹೊರಟಿತು. ಈ ಸಲ ಸಹಿಗೆ ಮುಂಚೆಯೇ ಕರಡು ಕಳಿಸಿದರು, ನನಗೆ ಸಂತೋಷವಾಯಿತು. ಓದಿದರೆ ಹೊಸ ಷರತ್ತೊಂದು ಇತ್ತು: ಇಬ್ಬರಲ್ಲಿ ಯಾರು ಬೇಕಾದರೂ 3 ತಿಂಗಳ ನೋಟಿಸ್ ಕೊಟ್ಟು ಮುಗಿಸಬಹುದು. "ಹೀಗೆ ಹಾಕಿದ್ರೆ ಹೊಣೆ ಬರಲ್ಲ ಅಲ್ವಾ ಮೇಡಂ?" ಅಂದರು ಫೈನಾನ್ಸ್ ಮುಖ್ಯಸ್ಥರು.

"ಬರೀ ಅದರಿಂದ ಹೋಗಲ್ಲ. ಅಲ್ಲಿ ಮಾಡಿಸುವ ಇಂಟೀರಿಯರ್ ಕಳೆದುಕೊಳ್ಳುವುದೂ ಒಂದು ದಂಡವೇ, ಅದನ್ನೂ ನೋಡಬೇಕು" ಅಂದೆ. "ಅದಿರಲಿ, ಓನರ್ 3 ತಿಂಗಳಲ್ಲಿ ಎದ್ದು ಹೋಗಿ ಅಂದರೆ ನಿಮ್ಮ ಜನರನ್ನೆಲ್ಲ ಎಲ್ಲಿ ಕೂರಿಸ್ತೀರಿ?"

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಂಜೆ ಬಂದ ಹೊಸ ಕರಡಿನಲ್ಲಿ ಓನರ್ ಎಬ್ಬಿಸುವ ಹಕ್ಕು ಇರಲಿಲ್ಲ.