ಈ ಹೂಗಳಿಗೆ ಫ್ರಿಜ್ ಬೇಡ

ಗುಲಾಬಿ ಬೇಗ ಬಾಡದಿರಲಿ ಅಂತ ತಣ್ಣಗಿನ ಜಾಗದಲ್ಲಿ ಇಡ್ತೀವಿ ಅಲ್ವಾ? ಅದೇ ಲೆಕ್ಕದಲ್ಲಿ ಒಮ್ಮೆ ಎರಡು ಕೆಂಪು ಆಂಥೂರಿಯಂ ಹೂಗಳನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನ ಮರೆತುಬಿಟ್ಟೆ. ಹೊರಗೆ ತೆಗೆದಾಗ ಹೊಳೆಯುವ ಕೆಂಪಿನ ಮೇಲೆ ನೇರಳೆಗಪ್ಪು ಕಲೆ ಹರಡಿತ್ತು, ಏಟು ಬಿದ್ದು ಕಂದಿದ ಚರ್ಮದ ಹಾಗೆ. ನೀರಿಗಿಟ್ಟರೂ ಬಣ್ಣ ವಾಪಸ್ ಬರಲಿಲ್ಲ.

ಬಾಳೆಹಣ್ಣನ್ನು ಫ್ರಿಜ್‌ನಲ್ಲಿಟ್ಟು ನೋಡಿದವರಿಗೆ ಇದು ಹೊಸದಲ್ಲ. ಸಿಪ್ಪೆ ಕಪ್ಪಾಗುವುದೂ ಹೀಗೆಯೇ. ಬಿಸಿನಾಡಿನ ಗಿಡಗಳ ಜೀವಕೋಶದ ಪೊರೆ ಬೆಚ್ಚಗಿನ ಹವೆಗೆ ಒಗ್ಗಿಕೊಂಡಿರುತ್ತದೆ. ಉಷ್ಣತೆ ಸುಮಾರು 10-13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪೊರೆಯಲ್ಲಿನ ಕೊಬ್ಬು ಬಿಗಿದುಕೊಂಡು ಪೊರೆ ಸೋರತೊಡಗುತ್ತದೆ. ಒಳಗೆ ಬೇರೆ ಬೇರೆ ಇರಬೇಕಾದ ರಾಸಾಯನಿಕಗಳು ಬೆರೆತು ಕಪ್ಪಾಗುತ್ತವೆ. ಮನೆಯ ಫ್ರಿಜ್ಜಿನೊಳಗೆ ಇರುವುದು ಸುಮಾರು 4 ಡಿಗ್ರಿ! ಹೆಲಿಕೋನಿಯಾ ಮತ್ತು ಕೆಂಪು ಶುಂಠಿ ಹೂ ಕೂಡ ಚಳಿ ತಡೆಯುವುದಿಲ್ಲ. ಎರಡೂ ಬಾಳೆಯ ನೆಂಟರೇ.

ಇನ್ನೊಂದು ವಿಷಯ. ನಾವು ನೋಡಿ ಮರುಳಾಗುವ ಆ ಬಣ್ಣ ಹೂವಿನದಲ್ಲ, ಎಲೆಯದು. ಆಂಥೂರಿಯಂನ ಹೃದಯದಾಕಾರದ ತಟ್ಟೆ ಒಂದು ಬಣ್ಣದ ಎಲೆ. ನಿಜವಾದ ಹೂಗಳು ನಡುವಿನ ಕಡ್ಡಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂತಿರುತ್ತವೆ. ಹೆಲಿಕೋನಿಯಾದಲ್ಲಿ ಸಾಲಾಗಿರುವ ದೋಣಿಯಾಕಾರದ ಬಣ್ಣದ ಭಾಗಗಳೂ ಎಲೆಗಳೇ, ಹೂ ಅವುಗಳೊಳಗೆ ಅಡಗಿರುತ್ತದೆ. ದಳಕ್ಕಿಂತ ಎಲೆ ಗಟ್ಟಿ, ಅದಕ್ಕೇ ಒಳ್ಳೆಯ ಆಂಥೂರಿಯಂ ಎರಡು ಮೂರು ವಾರ ಸಲೀಸಾಗಿ ನಿಲ್ಲುತ್ತದೆ.

ಹಾಗಾದರೆ ಕೆಡುವುದು ಯಾಕೆ? ಬಹುಪಾಲು ಬಾಯಾರಿಕೆಯಿಂದ. ಆಂಥೂರಿಯಂ ತಟ್ಟೆಗೆ ಮೇಣದ ಲೇಪವಿದೆ, ಆದರೆ ನಡುವಿನ ಕಡ್ಡಿಯಿಂದ ನೀರು ಸುಮ್ನೆ ಆವಿಯಾಗಿ ಹೋಗುತ್ತಲೇ ಇರುತ್ತದೆ. ಕೆಳಗೆ ದಂಟಿನ ಕೊಳವೆಗಳು ಬ್ಯಾಕ್ಟೀರಿಯಾದ ಲೋಳೆಯಿಂದ, ಗಾಳಿಗುಳ್ಳೆಯಿಂದ ಕಟ್ಟಿಕೊಳ್ಳುತ್ತವೆ. ಪಾತ್ರೆಯ ತುಂಬ ನೀರಿದ್ದರೂ ಹೂವಿಗೆ ಬರ! ಆದ್ದರಿಂದ ಹರಿತವಾದ ಚಾಕುವಿನಿಂದ ದಂಟಿನ ತುದಿಯನ್ನು 2-3 ಸೆಂಟಿಮೀಟರ್ ಕತ್ತರಿಸಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಹೂದಾನಿಯ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಸಕ್ಕರೆ ಹಾಕುವ ಚಟ ಬಿಡಿ. ಬರೀ ಸಕ್ಕರೆಯಿಂದ ಹೊಟ್ಟೆ ತುಂಬುವುದು ಬ್ಯಾಕ್ಟೀರಿಯಾಗೆ.

ಹೆಲಿಕೋನಿಯಾದ್ದು ಇನ್ನೂ ವಿಚಿತ್ರ. ಕೊಯ್ದ ಮೇಲೆ ಅದು ದಂಟಿನಿಂದ ನೀರು ಕುಡಿಯುವುದು ತೀರಾ ಕಡಿಮೆ. ಮುಚ್ಚಿದ ದೋಣಿ ಆಮೇಲೆ ತೆರೆಯುವುದೂ ಇಲ್ಲ. ಹಾಗಾಗಿ ಬೇಕಾದಷ್ಟು ಅರಳಿದ್ದನ್ನೇ ಕೊಯ್ಯಬೇಕು. ತಂದ ಕೂಡಲೇ ಬಕೆಟ್ ನೀರಿನಲ್ಲಿ ಇಡೀ ಹೂವನ್ನು ಸ್ವಲ್ಪ ಹೊತ್ತು ಮುಳುಗಿಸಿ, ತಲೆಕೆಳಗು ಮಾಡಿ ಅಲ್ಲಾಡಿಸಿ. ಇರುವೆ, ಕೊಳೆತ ಹೂವಿನ ಚೂರು, ನಾರುವ ಹಳೆ ನೀರು ಎಲ್ಲ ಹೊರಬೀಳುತ್ತವೆ. ಆಮೇಲೆ ದಿನಕ್ಕೆರಡು ಸಲ ಮೇಲಿಂದ ನೀರು ಚಿಮುಕಿಸಿದರೆ ಸಾಕು.

ಆರ್ಕಿಡ್‌ನ ಶತ್ರು ಬೇರೆ. ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಅದು ತಗುಲಿದರೆ ಹೂ ಬೇಗ ಬಾಡುತ್ತದೆ. ಹಣ್ಣಿನ ಬುಟ್ಟಿಯ ಪಕ್ಕ ಆರ್ಕಿಡ್ ಇಡಬೇಡಿ.

ಜೋಡಿಸುವಾಗ ಕೈ ಬಿಗಿ ಹಿಡಿಯಿರಿ. ಮೂರು ಹೆಲಿಕೋನಿಯಾ, ಒಂದು ದೊಡ್ಡ ಎಲೆ, ನಡುವೆ ಖಾಲಿ ಜಾಗ. ನನ್ನ ಕಣ್ಣಿಗೆ ಅಷ್ಟೇ ಚೆಂದ, ಜಾಸ್ತಿ ತುರುಕಿದರೆ ಸಂತೆ. ತಲೆ ಭಾರದ ಹೂಗಳಿವು, ಹಗುರ ಹೂದಾನಿ ಪಲ್ಟಿ ಹೊಡೆಯುತ್ತದೆ. ತಳಕ್ಕೆ ತೊಳೆದ ಬೆಣಚುಕಲ್ಲು ಹಾಕಿ.

ಬರ್ಡ್ ಆಫ್ ಪ್ಯಾರಡೈಸ್ ಹೂ ಇದ್ದರೆ ಒಂದು ಕೈಚಳಕ ಉಂಟು. ಹಕ್ಕಿಯ ಕೊಕ್ಕಿನಂತಿರುವ ಆ ಹಸಿರು ಒರೆಯೊಳಗೆ ಒಂದರ ಹಿಂದೊಂದು ಹಲವು ಹೂಗಳು ಮಡಚಿಕೊಂಡಿರುತ್ತವೆ. ಮೊದಲನೆಯದು ಬಾಡಿದಾಗ ಒರೆಯ ತುದಿಯನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಮೇಲಿನ ಸೀಳಿನಲ್ಲಿ ಹೆಬ್ಬೆರಳು ತೂರಿಸಿ, ಅಂಟಂಟಾದ ಲೋಳೆಯ ನಡುವಿನಿಂದ ಮುಂದಿನ ಹೂವನ್ನು ಮೆಲ್ಲಗೆ ಮೇಲೆತ್ತಿ. ಕಿತ್ತಳೆ ಎಸಳುಗಳನ್ನು ಒಂದೊಂದಾಗಿ ಬಿಡಿಸಿದರೆ ನಡುವಿನಿಂದ ನೀಲಿ ಬಾಣ ಹೊರಬರುತ್ತದೆ.